ಸುಂಕ ಏರಿಳಿದಾಗ ಪಾರ್ಸೆಲ್ ಲೆಕ್ಕ: ವಿದೇಶಕ್ಕೆ ಆನ್‌ಲೈನ್‌ನಲ್ಲಿ ಮಾರುವ ಸಣ್ಣವರಿಗೆ

2025ರ ಆಗಸ್ಟ್ ಕೊನೆಯ ವಾರ. ನಮ್ಮ ಮನೆಯ ಹಾಲ್‌ನಲ್ಲಿ ಹದಿನಾಲ್ಕು ಪೆಟ್ಟಿಗೆ ಚನ್ನಪಟ್ಟಣದ ಗೊಂಬೆಗಳು ಟೇಪ್ ಸುತ್ತಿಸಿಕೊಂಡು ಕೂತಿದ್ದವು. ಎಲ್ಲವೂ ಮದುವೆ ದಿಬ್ಬಣದ ಸೆಟ್: ಗಂಡು, ಹೆಣ್ಣು, ಓಲಗದವರು, ಹಿಂದೊಂದು ಎತ್ತಿನ ಗಾಡಿ. ಸೆಪ್ಟೆಂಬರ್ 22ಕ್ಕೆ ನವರಾತ್ರಿ ಶುರು. ಅಷ್ಟರೊಳಗೆ ಅಮೆರಿಕದಲ್ಲಿ ಗೊಂಬೆ ಕೂರಿಸುವ ನಮ್ಮವರ ಮನೆ ಸೇರಬೇಕಿತ್ತು. ಆಗಸ್ಟ್ 25ರಿಂದ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸೆಲ್ ಬುಕಿಂಗ್ ನಿಲ್ಲಿಸಿತು. ಗಾಬರಿಯಲ್ಲಿ ನಾಲ್ಕು ಪೆಟ್ಟಿಗೆ ತೆಗೆದುಕೊಂಡು ಹೋಗಿ ಒಂದು ಖಾಸಗಿ ಕೊರಿಯರ್‌ಗೆ ಕೊಟ್ಟೆ. ಹತ್ತು ದಿನ ಕಳೆದ ಮೇಲೆ ಒಬ್ಬ ಗ್ರಾಹಕಿಯ ವಾಟ್ಸ್ಯಾಪ್ ಬಂತು: "ಮೇಡಂ, ನಾನು 60 ಡಾಲರ್ ಕೊಟ್ಟಾಗಿದೆಯಲ್ಲ, ಇವರು ಇನ್ನೂ 45 ಕೇಳ್ತಿದಾರೆ. ಇದೇನು ಸ್ಕ್ಯಾಮಾ?"

ಸ್ಕ್ಯಾಮ್ ಆಗಿರಲಿಲ್ಲ. ಅದರಲ್ಲಿ 30 ಡಾಲರ್ ಸುಂಕ, 15 ಡಾಲರ್ ಆ ಸುಂಕವನ್ನು ಮುಂಗಡವಾಗಿ ಕಟ್ಟಿದ್ದಕ್ಕೆ ಕೊರಿಯರ್‌ನವರ ಶುಲ್ಕ. ಆದರೆ ಆ 30ರಲ್ಲಿ 9 ಡಾಲರ್ ಯಾವ ಸರಕಾರವೂ ಹಾಕಿದ್ದಲ್ಲ, ನನ್ನ ಇನ್‌ವಾಯ್ಸ್‌ನ ಒಂದು ಸಾಲು ಹಾಕಿದ್ದು. ಅದು ಹೇಗೆಂದು ಮುಂದೆ ಹೇಳುತ್ತೇನೆ, ಏಕೆಂದರೆ ಈ ಬರಹದಲ್ಲಿ ನಿಮ್ಮ ಜೇಬಿಗೆ ನೇರವಾಗಿ ತಾಗುವ ಭಾಗ ಅದೇ.

ಒಂದು ಮಾತು ಮೊದಲೇ. ಇಲ್ಲಿ ಬರುವ ಸುಂಕದ ದರಗಳನ್ನು ಬಾಯಿಪಾಠ ಮಾಡಬೇಡಿ. ಅವು ಬದಲಾಗುತ್ತವೆ, ಬದಲಾಗುತ್ತಲೇ ಇವೆ. ಲೆಕ್ಕ ಹಾಕುವ ದಾರಿ ಮಾತ್ರ ಬದಲಾಗಿಲ್ಲ. ಅದನ್ನು ಕಲಿತರೆ ನಾಳೆ ದರ ಎಷ್ಟೇ ಆಗಲಿ, ಹತ್ತು ನಿಮಿಷದಲ್ಲಿ ನಿಮ್ಮ ಹೊಸ ಬೆಲೆ ಕೈಯಲ್ಲಿರುತ್ತದೆ.

ಹೆಜ್ಜೆ 1: ಬಾಗಿಲು ಬೇರೆ, ದರ ಬೇರೆ

ಪತ್ರಿಕೆಗಳಲ್ಲಿ ಎಲ್ಲವನ್ನೂ ಸೇರಿಸಿ 'ಟ್ರಂಪ್ ಸುಂಕ' ಎಂದು ಬರೆಯುತ್ತಾರೆ. ಪಾರ್ಸೆಲ್ ಕಳಿಸುವ ನಮಗೆ ಅದರಲ್ಲಿ ಎರಡು ಸಂಗತಿಗಳಿವೆ, ಬಿಡಿಸಿ ನೋಡಬೇಕು.

ಮೊದಲನೆಯದು ಬಾಗಿಲು. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವೇ ಇರಲಿಲ್ಲ. ಇದಕ್ಕೆ 'ಡಿ ಮಿನಿಮಿಸ್' ವಿನಾಯಿತಿ ಎನ್ನುತ್ತಿದ್ದರು. ಮೊದಲು 200 ಡಾಲರ್ ಇದ್ದ ಮಿತಿಯನ್ನು 2016ರಲ್ಲಿ 800ಕ್ಕೆ ಏರಿಸಿದ್ದರು. ಮನೆಯಲ್ಲಿ ಕೂತು ವಿದೇಶಕ್ಕೆ ಮಾರುವ ವ್ಯಾಪಾರ ಬೆಳೆದದ್ದೇ ಈ ಬಾಗಿಲಿನಿಂದ. 2024ರ ಆರ್ಥಿಕ ವರ್ಷವೊಂದರಲ್ಲೇ ಸುಮಾರು 136 ಕೋಟಿ ಪಾರ್ಸೆಲ್‌ಗಳು ಇದರಡಿ ಒಳಗೆ ಹೋದವು. 2025ರ ಮೇ 2ರಂದು ಚೀನಾ ಮತ್ತು ಹಾಂಗ್‌ಕಾಂಗ್‌ಗೆ ಇದು ಮುಚ್ಚಿತು, ಆಗಸ್ಟ್ 29ರಂದು ಉಳಿದ ಎಲ್ಲ ದೇಶಗಳಿಗೂ. ಆ ದಿನ ಅಮೆರಿಕಕ್ಕೆ ಹೋಗುವ ಅಂಚೆ ಹಿಂದಿನ ವಾರಕ್ಕಿಂತ ಶೇ 81ರಷ್ಟು ಕುಸಿಯಿತು ಎಂದು ವಿಶ್ವ ಅಂಚೆ ಒಕ್ಕೂಟವೇ ಹೇಳಿತು. ನಮ್ಮದೊಂದೇ ಅಲ್ಲ, ಹತ್ತಾರು ದೇಶಗಳ ಅಂಚೆಯವರು ಬುಕಿಂಗ್ ನಿಲ್ಲಿಸಿದ್ದರು.

ಎರಡನೆಯದು ದರ. ಭಾರತದ ಸರಕಿಗೆ 2025ರ ಆಗಸ್ಟ್ 7ರಿಂದ ಹೆಚ್ಚುವರಿ ಶೇ 25, ರಷ್ಯಾದ ತೈಲದ ಕಾರಣ ಕೊಟ್ಟು ಆಗಸ್ಟ್ 27ರಿಂದ ಇನ್ನೊಂದು ಶೇ 25. ಒಟ್ಟು 50. ದರ ಆಮೇಲೆ ಅಲ್ಲೇ ನಿಲ್ಲಲಿಲ್ಲ. 2026ರ ಫೆಬ್ರವರಿ 20ರಂದು ಅಲ್ಲಿನ ಸುಪ್ರೀಂ ಕೋರ್ಟ್, ತುರ್ತು ಅಧಿಕಾರದ ಕಾಯ್ದೆಯಡಿ ಅಧ್ಯಕ್ಷರು ಸುಂಕ ಹಾಕುವಂತಿಲ್ಲ ಎಂದಿತು. ಕೂಡಲೇ ಬೇರೊಂದು ಕಾನೂನಿನಡಿ ಬೇರೊಂದು ಸುಂಕ ಬಂತು. ಆ ದಾವೆ ಹೂಡಿದವರಲ್ಲೊಬ್ಬರು ಮಕ್ಕಳ ಆಟಿಕೆ ಮಾರುವ ಕಂಪನಿಯವರು ಎಂಬುದು ಗೊಂಬೆ ಮಾರುವ ನನಗೆ ಸ್ವಲ್ಪ ಖುಷಿ ಕೊಟ್ಟ ವಿಷಯ.

ಬಿಡಿಸಿ ನೋಡಬೇಕೆಂದದ್ದು ಯಾಕೆ? "ದರ ಇಳಿದಿದೆಯಂತೆ, ಇನ್ನು ಮೊದಲಿನ ಹಾಗೇ ಕಳಿಸಬಹುದು" ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ದರ ಇಳಿದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. 2025ರ ಜುಲೈನಲ್ಲಿ ಸಹಿ ಬಿದ್ದ ಕಾನೂನೊಂದು ಆ 800 ಡಾಲರ್ ವಿನಾಯಿತಿಯನ್ನು 2027ರ ಜುಲೈ 1ರಿಂದ ಪುಸ್ತಕದಿಂದಲೇ ತೆಗೆದುಹಾಕುತ್ತದೆ. ಹಾಗಾಗಿ ಹತ್ತು ಡಾಲರಿನ ಬುಗುರಿಗೂ ಕಸ್ಟಮ್ಸ್ ಕಾಗದ ಇರಲೇಬೇಕು ಎಂದುಕೊಂಡೇ ವ್ಯಾಪಾರ ಮಾಡಿ.

ಹೆಜ್ಜೆ 2: ನಿಮ್ಮ ಸರಕಿಗೊಂದು ಸಂಖ್ಯೆ ಹುಡುಕಿ

ಕಸ್ಟಮ್ಸ್‌ನವರಿಗೆ ನಿಮ್ಮ ಸರಕಿನ ಹೆಸರು ಬೇಡ, ಅದರ ಬಗೆಯನ್ನು ಗುರುತಿಸುವ ಎಚ್‌ಎಸ್ ಕೋಡ್ ಎಂಬ ಸಂಖ್ಯೆ ಬೇಕು. ಮೊದಲ ಆರು ಅಂಕಿ ಪ್ರಪಂಚಕ್ಕೆಲ್ಲ ಒಂದೇ. ಭಾರತದಲ್ಲಿ ಎಂಟು ಅಂಕಿ, ಅಮೆರಿಕದಲ್ಲಿ ಹತ್ತು. ಇಲ್ಲಿನ ಎಂಟಂಕಿಯನ್ನೇ ಅಲ್ಲಿಗೂ ಬರೆದುಬಿಡುವುದು ಸಾಮಾನ್ಯ ತಪ್ಪು. ಕೊನೆಯ ಅಂಕಿಗಳು ಹೊಂದುವುದಿಲ್ಲ.

ಚನ್ನಪಟ್ಟಣದ ಒಂದೇ ಲೇತ್‌ನಲ್ಲಿ, ಒಂದೇ ಆಲೆಮರದ ತುಂಡಿನಿಂದ, ಅದೇ ಅರಗಿನ ಬಣ್ಣ ಹಚ್ಚಿ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಇಳಿಯುತ್ತದೆ ನೋಡಿ. ಗಿಲಕಿ, ಬುಗುರಿ: ಇವು ಆಟಿಕೆ, 9503. ಮರದ ಬಳೆ: ಇದು ಕೃತಕ ಆಭರಣ, 7117. ಚಮಚ, ಬಟ್ಟಲು: ಅಡುಗೆಮನೆಯ ಮರದ ಸಾಮಾನು, 4419. ಶೋಕೇಸಿನಲ್ಲಿಡುವ ಬೊಂಬೆ: ಮರದ ಅಲಂಕಾರ ವಸ್ತು, 4420. ಅಮೆರಿಕದಲ್ಲಿ ಆಟಿಕೆಗೆ ಮೂಲ ಸುಂಕ ಸೊನ್ನೆ, ಮರದ ಅಲಂಕಾರ ವಸ್ತುವಿಗೆ ಶೇ 3.2. ಊದುಬತ್ತಿಗೆ 2.4. ಹತ್ತಿಯ ಟೀ ಶರ್ಟ್‌ಗೆ 16.5. ಹೊಸ ಸುಂಕ ಬಂದಾಗ ಅದು ಹಳೆಯದನ್ನು ಅಳಿಸಲಿಲ್ಲ, ಅದರ ಮೇಲೆ ಕೂಡಿಕೊಂಡಿತು. ಹಾಗಾಗಿ 2025ರ ಸೆಪ್ಟೆಂಬರ್‌ನಲ್ಲಿ ಕೊರಿಯರ್‌ನಲ್ಲಿ ಹೋದ ಆಟಿಕೆಗೆ ಶೇ 50, ಟೀ ಶರ್ಟ್‌ಗೆ ಶೇ 66.5.

ಗೊಂಬೆ ಎಂದು ಕರೆದ ಮಾತ್ರಕ್ಕೆ ಎಲ್ಲವೂ ಆಟಿಕೆಯಲ್ಲ. ಪಟ್ಟದ ಗೊಂಬೆಯನ್ನೇ ತೆಗೆದುಕೊಳ್ಳಿ. ಅದರ ಜತೆ ಯಾವ ಮಗುವೂ ಆಡುವುದಿಲ್ಲ, ಆಡಲು ಹೋದರೆ ಅಜ್ಜಿ ಬಿಡುವುದೂ ಇಲ್ಲ. ಅದನ್ನು 'ಆಟಿಕೆ' ಎಂದು ಬರೆದರೆ ಅಧಿಕಾರಿ ಪ್ರಶ್ನಿಸಬಹುದು. ಇನ್ನು ಅದು ರಕ್ತಚಂದನದ್ದಾದರೆ ಸುಂಕದ ಮಾತು ಆಮೇಲೆ. ಆ ಮರವನ್ನು ದೇಶದಿಂದ ಹೊರಗೆ ಕಳಿಸಬಹುದೇ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಇತ್ತ, ಮಕ್ಕಳ ಆಟಿಕೆ ಎಂದು ಬರೆದರೆ ಅಮೆರಿಕದ ಆಟಿಕೆ ಸುರಕ್ಷತಾ ನಿಯಮಗಳು, ಪರೀಕ್ಷೆ ಮಾಡಿಸಿದ ಪ್ರಮಾಣಪತ್ರ ಎಲ್ಲವೂ ಬೆನ್ನಿಗೆ ಬೀಳುತ್ತವೆ. ಸುಂಕ ಕಡಿಮೆ ಇರುವ ಕೋಡ್ ಹುಡುಕಬೇಡಿ, ಸರಿಯಾದ ಕೋಡ್ ಹುಡುಕಿ.

ಹುಡುಕುವುದು ಎಲ್ಲಿ? ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗದ ಜಾಲತಾಣದಲ್ಲಿ ಪೂರ್ತಿ ಸುಂಕಪಟ್ಟಿ ಉಚಿತವಾಗಿ ಸಿಗುತ್ತದೆ. ಮೂಲ ದರ ನೋಡಿದ ಮೇಲೆ ಅದೇ ಪಟ್ಟಿಯ 99ನೇ ಅಧ್ಯಾಯವನ್ನೂ ತೆರೆಯಿರಿ. ತಾತ್ಕಾಲಿಕ, ಹೆಚ್ಚುವರಿ ಸುಂಕಗಳನ್ನು ಅಲ್ಲೇ ಸೇರಿಸುತ್ತಾರೆ. ಗೊಂದಲವಾದರೆ ಅಲ್ಲಿನ ಕಸ್ಟಮ್ಸ್ ಇಲಾಖೆ ಹಿಂದೆ ಕೊಟ್ಟ ತೀರ್ಮಾನಗಳ 'ಕ್ರಾಸ್' ಎಂಬ ಸಂಗ್ರಹದಲ್ಲಿ ನಿಮ್ಮದನ್ನು ಹೋಲುವ ವಸ್ತುವನ್ನು ಹುಡುಕಿ. ಮರದ ಸಾಮಾನಾದರೆ ಮರದ ವೈಜ್ಞಾನಿಕ ಹೆಸರನ್ನೂ ಇನ್‌ವಾಯ್ಸ್‌ನಲ್ಲಿ ಬರೆದಿಡಿ. ಆಲೆಮರಕ್ಕೆ ರೈಟಿಯಾ ಟಿಂಕ್ಟೋರಿಯಾ. ಒಂದು ಸಾಲು ಹೆಚ್ಚು ಬರೆದರೆ ಒಂದು ಫೋನ್ ಕರೆ ಕಡಿಮೆಯಾಗುತ್ತದೆ.

ವಿನಾಯಿತಿಗಳನ್ನೂ ಗಮನಿಸಿ. ಪುಸ್ತಕಗಳು 'ಮಾಹಿತಿ ಸಾಮಗ್ರಿ' ಎಂಬ ಲೆಕ್ಕದಲ್ಲಿ 2025ರ ಹೆಚ್ಚುವರಿ ಸುಂಕದಿಂದ ಹೊರಗುಳಿದವು. ಕನ್ನಡ ಪುಸ್ತಕ ಕಳಿಸುವ ಗೆಳೆಯರು ಈ ಒಂದು ವಿಷಯದಲ್ಲಿ ನನಗಿಂತ ಪುಣ್ಯವಂತರು. ಅದೇ ವರ್ಷದ ನವೆಂಬರ್‌ನಲ್ಲಿ ಕಾಫಿ, ಚಹಾ ಮತ್ತು ಕೆಲವು ಸಾಂಬಾರ ಪದಾರ್ಥಗಳನ್ನು ಪ್ರತಿಸುಂಕದ (ಅಂದರೆ ಆ ಮೊದಲ ಶೇ 25ರ) ಪಟ್ಟಿಯಿಂದ ತೆಗೆದರು. ಚಿಕ್ಕಮಗಳೂರಿನಿಂದ ಕಾಫಿ ಪುಡಿ ಮಾರುವವರು ಆ ಸುದ್ದಿಯನ್ನು ಓದಿದ್ದರೋ ಇಲ್ಲವೋ, ಓದದವರು ಅಷ್ಟು ದಿನ ಸುಮ್ಮನೆ ಹೆಚ್ಚು ಬೆಲೆ ಹೇಳುತ್ತಿದ್ದಿರಬೇಕು. ಸ್ಟೀಲ್, ಅಲ್ಯೂಮಿನಿಯಂ ಸಾಮಾನಿಗೆ ಮಾತ್ರ ಬೇರೆಯದೇ ಕಾನೂನು, ಬೇರೆಯದೇ ದರ. ಅದನ್ನು ಇದರ ಜತೆ ಬೆರೆಸಬೇಡಿ.

ಹೆಜ್ಜೆ 3: ಸುಂಕ ಹುಟ್ಟೂರಿಗೆ, ಹಾದುಬಂದ ಊರಿಗಲ್ಲ

"ದುಬೈನಲ್ಲಿರುವ ತಮ್ಮನಿಗೆ ಕಳಿಸಿ, ಅಲ್ಲಿಂದ ಅಮೆರಿಕಕ್ಕೆ ಹಾಕಿಸಿದರೆ?" ಈ ಪ್ರಶ್ನೆಯನ್ನು ನನಗೆ ಕನಿಷ್ಠ ಹತ್ತು ಜನ ಕೇಳಿದ್ದಾರೆ. ಸರಕು ಎಲ್ಲಿ ತಯಾರಾಯಿತೋ ಆ ದೇಶದ ದರವೇ ಅದಕ್ಕೆ. ಸುಂಕ ತಪ್ಪಿಸಲೆಂದೇ ಬೇರೆ ದೇಶದ ಮೂಲಕ ಸುತ್ತಿಸಿದ್ದು ಗೊತ್ತಾದರೆ ಶೇ 40ರ ಸುಂಕ ಮತ್ತು ಅದರ ಮೇಲೆ ದಂಡ ಎಂದು 2025ರ ಆದೇಶದಲ್ಲೇ ಬರೆದಿದ್ದರು. 'ಮೇಡ್ ಇನ್ ಇಂಡಿಯಾ' ಎಂಬ ಗುರುತು ಪ್ರತಿ ವಸ್ತುವಿನ ಮೇಲೂ ಇರಲಿ, ಬರೀ ಡಬ್ಬದ ಮೇಲಲ್ಲ.

ಹೆಜ್ಜೆ 4: ಇನ್‌ವಾಯ್ಸ್‌ನಲ್ಲಿ ಮೂರು ಸಾಲು

ಈಗ ನನ್ನ ಆ 9 ಡಾಲರಿಗೆ ಬರೋಣ.

ನನ್ನ ಅಂಗಡಿಯಲ್ಲಿ ದಿಬ್ಬಣದ ಸೆಟ್‌ನ ಬೆಲೆ 60 ಡಾಲರ್, 'ಫ್ರೀ ಶಿಪ್ಪಿಂಗ್'. ಫ್ರೀ ಎನ್ನುವುದು ಗ್ರಾಹಕರ ಕಿವಿಗೆ ಇಂಪು, ಅಷ್ಟೆ. ಕೊರಿಯರ್‌ನವರು ನನ್ನಿಂದ 18 ಡಾಲರ್ ತೆಗೆದುಕೊಳ್ಳುತ್ತಾರೆ. ಇನ್‌ವಾಯ್ಸ್‌ನಲ್ಲಿ ನಾನು 'ಮರದ ಆಟಿಕೆ ಸೆಟ್ 1, ಬೆಲೆ 60 ಡಾಲರ್' ಎಂದು ಒಂದೇ ಸಾಲು ಬರೆದಿದ್ದೆ. ಕಸ್ಟಮ್ಸ್ ಆ 60ಕ್ಕೆ ಶೇ 50 ಹಾಕಿತು: 30 ಡಾಲರ್.

ಅಮೆರಿಕ ಸುಂಕ ಹಾಕುವುದು ಸರಕಿನ ಬೆಲೆಗೆ. ಇಲ್ಲಿಂದ ಅಲ್ಲಿಗೆ ಸಾಗಿಸಿದ ಖರ್ಚು ಅದರಲ್ಲಿ ಸೇರುವುದಿಲ್ಲ, ಆದರೆ ಒಂದು ಷರತ್ತು: ಅದನ್ನು ಬೇರೆಯಾಗಿ ತೋರಿಸಿರಬೇಕು, ಕೇಳಿದರೆ ಕೊರಿಯರ್ ರಸೀದಿ ಕೊಡಬೇಕು. 'ಸರಕು 42, ಸಾಗಾಣಿಕೆ 18' ಎಂದು ಎರಡು ಸಾಲು ಬರೆದಿದ್ದರೆ ಸುಂಕ 42ಕ್ಕೆ ಮಾತ್ರ ಬೀಳುತ್ತಿತ್ತು: 21 ಡಾಲರ್. ಒಂದು ಸಾಲಿನ ಬೆಲೆ 9 ಡಾಲರ್. ನಾಲ್ಕು ಪೆಟ್ಟಿಗೆಗೆ 36. ಸಾಗಾಣಿಕೆಯ ಸಾಲಿನಲ್ಲಿ ನಿಜವಾಗಿ ಕೊಟ್ಟ ಹಣವನ್ನೇ ಬರೆಯಬೇಕು. 18 ಕೊಟ್ಟು 35 ಎಂದು ಬರೆದರೆ ಅದು ಸುಳ್ಳು ಘೋಷಣೆ.

ಮೂರನೆಯ ಸಾಲು ಸುಂಕದ್ದು. ಸುಂಕವನ್ನು ನೀವೇ ಕಟ್ಟುವುದಾದರೆ, ಅದನ್ನು ಗ್ರಾಹಕರಿಂದ ವಸೂಲು ಮಾಡುವ ಬೆಲೆಯಲ್ಲಿ ಸೇರಿಸುತ್ತೀರಿ ತಾನೇ? ಆಗಲೂ ಅದನ್ನು ಬೇರೆ ಸಾಲಿನಲ್ಲಿ ತೋರಿಸಿ. ಇಲ್ಲದಿದ್ದರೆ ಸುಂಕದ ಮೇಲೂ ಸುಂಕ ಬೀಳುತ್ತದೆ. ಇದು ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆಂದು ಲೆಕ್ಕ ಹಾಕಿದಾಗ ನನಗೇ ನಂಬಿಕೆ ಬರಲಿಲ್ಲ. ಹಳೆಯ ಲಾಭವನ್ನೇ ಉಳಿಸಿಕೊಳ್ಳಬೇಕು, ಸುಂಕ ಶೇ 50, ಮಾರಾಟ ತಾಣದ ಕಮಿಷನ್ ಶೇ 15 ಎಂದಿಟ್ಟುಕೊಳ್ಳಿ. ಸುಂಕವನ್ನು ಬೆಲೆಯೊಳಗೇ ಮುಚ್ಚಿಟ್ಟರೆ 60 ಡಾಲರಿನ ಸೆಟ್ಟನ್ನು 120ಕ್ಕೆ ಮಾರಬೇಕು. ಬೇರೆ ಸಾಲಿನಲ್ಲಿ ತೋರಿಸಿದರೆ ಸುಮಾರು 87 ಸಾಕು: ಸರಕು 46, ಸಾಗಾಣಿಕೆ 18, ಸುಂಕ 23. ಸರಕು 42ರಿಂದ 46ಕ್ಕೆ ಏರಿದ್ದು ಯಾಕೆಂದರೆ ಮಾರಾಟ ತಾಣದವರು ಸುಂಕದ ಹಣದ ಮೇಲೂ ಕಮಿಷನ್ ಹಿಡಿಯುತ್ತಾರೆ. ಸುಂಕ ಕಟ್ಟುವುದು ನಾವು, ಕಮಿಷನ್ ಅವರಿಗೆ! ಅದಕ್ಕೆ ಸದ್ಯ ಮದ್ದಿಲ್ಲ.

ಹೆಜ್ಜೆ 5: ತಾಳಿಕೆ ದರ ತಿಳಿದಿಟ್ಟುಕೊಳ್ಳಿ

ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಇರುತ್ತದೆ: ಬೆಲೆ ಏರಿಸದೆ, ನಷ್ಟವಿಲ್ಲದೆ, ಎಷ್ಟು ಸುಂಕವನ್ನು ನೀವು ನುಂಗಿಕೊಳ್ಳಬಲ್ಲಿರಿ ಎಂಬುದು. ನಾನದನ್ನು ತಾಳಿಕೆ ದರ ಎನ್ನುತ್ತೇನೆ. ಡಾಲರಿಗೆ 88 ರೂಪಾಯಿ ಹಿಡಿದು ದಿಬ್ಬಣದ ಸೆಟ್‌ನ ಲೆಕ್ಕ ಹೀಗಿದೆ.

ಮಾರಾಟ 60 ಡಾಲರ್: ₹5,280
ಕುಶಲಕರ್ಮಿಗೆ ಕೊಟ್ಟದ್ದು: ₹1,900
ಪ್ಯಾಕಿಂಗ್: ₹180
ಕೊರಿಯರ್ 18 ಡಾಲರ್: ₹1,584
ಕಮಿಷನ್, ಪೇಮೆಂಟ್ ಶುಲ್ಕ ಸೇರಿ ಶೇ 15: ₹792
ಉಳಿದದ್ದು: ₹824

ಉಳಿದ ₹824 ಅಂದರೆ ಸುಮಾರು 9.36 ಡಾಲರ್. ಅದನ್ನು ಸರಕಿನ ಬೆಲೆ 42ರಿಂದ ಭಾಗಿಸಿ: ಶೇ 22. ಇದೇ ಈ ಸೆಟ್‌ನ ತಾಳಿಕೆ ದರ. ಸುಂಕ ಶೇ 10 ಆದರೆ ₹370 ಹೋಗಿ ₹454 ಉಳಿಯುತ್ತದೆ, ಬಡವಳಾದರೂ ಬದುಕಿರುತ್ತೇನೆ. ಶೇ 25 ಆದರೆ ₹100 ನಷ್ಟ. ಶೇ 50 ಆದರೆ ಪ್ರತಿ ಸೆಟ್‌ಗೂ ಸಾವಿರದ ಮೇಲೆ ಕೈಯಿಂದ ಹಾಕಬೇಕು, ಮಾರಿದಷ್ಟೂ ಮುಳುಗುವ ವ್ಯಾಪಾರ. ಕೊರಿಯರ್‌ನವರ ಸುಂಕ ನಿರ್ವಹಣಾ ಶುಲ್ಕ ಇದರಲ್ಲಿ ಸೇರಿಲ್ಲ; ನಿಮ್ಮ ಕೊರಿಯರ್‌ನವರನ್ನು ಕೇಳಿ ಸೇರಿಸಿಕೊಳ್ಳಿ.

ಅಂಗಡಿಯ ಎಲ್ಲ ವಸ್ತುವಿಗೂ ಈ ಲೆಕ್ಕ ಮಾಡಿ ಒಂದು ಎಕ್ಸೆಲ್ ಹಾಳೆಯಲ್ಲಿಟ್ಟಿದ್ದೇನೆ. ಸುದ್ದಿಯಲ್ಲಿ ಹೊಸ ದರ ಬಂದ ಕೂಡಲೇ ತಾಳಿಕೆ ದರದ ಕಾಲಂ ನೋಡುತ್ತೇನೆ. ತಾಳಿಕೆ ದರ ಅದಕ್ಕಿಂತ ಕಡಿಮೆ ಇರುವ ವಸ್ತುಗಳನ್ನು ಅವತ್ತೇ ಆ ದೇಶಕ್ಕೆ 'ಲಭ್ಯವಿಲ್ಲ' ಮಾಡುತ್ತೇನೆ, ಆಮೇಲೆ ಹೊಸ ಬೆಲೆ ಯೋಚಿಸುತ್ತೇನೆ. ಇದನ್ನು ಮಾಡಿದ ಮೇಲೆ ತಿಳಿದ ಒಂದು ವಿಚಿತ್ರ: ನನ್ನ ಅಗ್ಗದ ವಸ್ತುಗಳಲ್ಲಿ ಸಾಗಾಣಿಕೆಯದೇ ಸಿಂಹಪಾಲು, ಸರಕಿನ ಬೆಲೆ ಕಡಿಮೆ, ಹಾಗಾಗಿ ಸುಂಕವೂ ಕಡಿಮೆ. ಏಟು ಬಿದ್ದದ್ದು ಹಗುರವಾದ, ದುಬಾರಿ ವಸ್ತುಗಳಿಗೆ. ನಾನು ಹೆಮ್ಮೆಯಿಂದ ಮುಂದಿಡುತ್ತಿದ್ದವೇ ಅವು.

ಚನ್ನಪಟ್ಟಣದಲ್ಲಿ ನನಗೆ ಮಾಲು ಮಾಡಿಕೊಡುವ ಚಾಚಾ ಲೇತ್ ನಿಲ್ಲಿಸಿ ಕೇಳಿದರು: "ಏನ್ ಮೇಡಂ, ಆ ಟ್ರಂಪು ನಮ್ ಬುಗುರಿಗೂ ಟ್ಯಾಕ್ಸ್ ಹಾಕವ್ನಾ?" ಹಾಕಿದ್ದಾನೆ ಚಾಚಾ ಎಂದೆ. "ಹಂಗಾದ್ರೆ ರೇಟ್ ಇಳಿಸ್ಬೇಕಾ?" ಎಂದರು. ಇಳಿಸಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಲೆಕ್ಕವೂ ಅದನ್ನೇ ಹೇಳುತ್ತಿತ್ತು: ಅವರ ₹1,900ರಲ್ಲಿ ₹200 ಕಿತ್ತುಕೊಂಡರೂ ತಾಳಿಕೆ ದರ 22ರಿಂದ 28ಕ್ಕೂ ಏರುವುದಿಲ್ಲ. ಕುಶಲಕರ್ಮಿಯ ಕೂಲಿ ಕತ್ತರಿಸಿ ಈ ಹೊಡೆತ ತಡೆಯಲು ಆಗುವುದಿಲ್ಲ. ಎರಡು ಸೆಟ್ ಒಂದೇ ಪೆಟ್ಟಿಗೆಯಲ್ಲಿ ಕಳಿಸಿ ಸಾಗಾಣಿಕೆ ಉಳಿಸಿದರೆ ಅದಕ್ಕಿಂತ ಹೆಚ್ಚು ಗಿಟ್ಟುತ್ತದೆ.

ಹೆಜ್ಜೆ 6: ಸುಂಕ ಕಟ್ಟುವವರು ಯಾರು, ಮೊದಲೇ ಹೇಳಿಬಿಡಿ

ಎರಡು ದಾರಿ. ಡಿಎಪಿ ಅಂದರೆ ಪಾರ್ಸೆಲ್ ಬಾಗಿಲಿಗೆ ಬಂದಾಗ ಗ್ರಾಹಕರು ಸುಂಕ ಕಟ್ಟುತ್ತಾರೆ. ಡಿಡಿಪಿ ಅಂದರೆ ಕಳಿಸುವಾಗಲೇ ನೀವು ಕಟ್ಟುತ್ತೀರಿ, ಗ್ರಾಹಕರಿಗೆ ಬಾಗಿಲಲ್ಲಿ ಇನ್ನೇನೂ ಖರ್ಚಿಲ್ಲ. ಡಿಎಪಿ ನಿಮ್ಮ ಅಂಗಡಿಯಲ್ಲಿ ಅಗ್ಗ ಕಾಣುತ್ತದೆ. ಆದರೆ ನಾನು ಕಂಡಂತೆ, ದುಡ್ಡು ಕೊಟ್ಟು ಮುಗಿಸಿದ ಗ್ರಾಹಕರ ಹತ್ತಿರ ಎರಡನೇ ಸಲ ದುಡ್ಡು ಕೇಳುವುದಕ್ಕಿಂತ ಕೆಟ್ಟ ವ್ಯಾಪಾರವಿಲ್ಲ. ಮೊದಲೇ 87 ಎಂದಿದ್ದರೆ ಅರ್ಧ ಜನ ಕೊಳ್ಳುತ್ತಿರಲಿಲ್ಲ, ಸರಿ. ಉಳಿದರ್ಧ ಜನ ಬೈಯುತ್ತಿರಲಿಲ್ಲ.

ಡಿಎಪಿಯಲ್ಲೇ ಕಳಿಸಬೇಕಾದರೆ ಆರ್ಡರ್ ಬಂದ ದಿನವೇ ಒಂದು ಸಂದೇಶ ಕಳಿಸಿ, ಅಂದಾಜು ಮೊತ್ತವನ್ನೂ ಬರೆಯಿರಿ: "ನಿಮ್ಮ ಪಾರ್ಸೆಲ್ ಮೇಲೆ ಸುಮಾರು 21 ಡಾಲರ್ ಆಮದು ಸುಂಕ ಬರಬಹುದು, ಜತೆಗೆ ಕೊರಿಯರ್ ಶುಲ್ಕ ಇರುತ್ತದೆ. ಒಪ್ಪಿಗೆ ಇದ್ದರೆ ತಿಳಿಸಿ, ಮುಂದುವರಿಸುತ್ತೇನೆ." ಒಪ್ಪಿಗೆ ಬರೆದು ಕೊಟ್ಟವರು ಬಾಗಿಲಲ್ಲಿ ಪಾರ್ಸೆಲ್ ತಿರುಗಿಸುವುದು ಅಪರೂಪ.

ಹೆಜ್ಜೆ 7: ಅಂಚೆಯೋ, ಕೊರಿಯರೋ

ಅಮೆರಿಕಕ್ಕೆ ನಿಂತಿದ್ದ ಅಂಚೆ ಸೇವೆ 2025ರ ಅಕ್ಟೋಬರ್ 15ರಿಂದ ಮತ್ತೆ ಶುರುವಾಯಿತು. ಹೊಸ ವ್ಯವಸ್ಥೆಯಲ್ಲಿ ಸುಂಕವನ್ನು ಬುಕಿಂಗ್ ಕೌಂಟರಿನಲ್ಲೇ ಕಟ್ಟಿಸಿಕೊಳ್ಳುತ್ತಾರೆ, ಅಂದರೆ ಅಂಚೆಯಲ್ಲೂ ಡಿಡಿಪಿ. ಶುರುವಾದಾಗಿನ ದರ ಘೋಷಿತ ಬೆಲೆಯ ನೇರ ಶೇ 50. ಗಮನಿಸಬೇಕಾದ್ದು, ಅಂಚೆಯಲ್ಲಿ ವಸ್ತುವಿನ ಮೂಲ ಸುಂಕವನ್ನು ಅದಕ್ಕೆ ಕೂಡಿಸಲಿಲ್ಲ. ಆಟಿಕೆಗೆ ಇದರಿಂದ ಲಾಭವಿಲ್ಲ, ಅದರ ಮೂಲ ಸುಂಕವೇ ಸೊನ್ನೆ. ಟೀ ಶರ್ಟ್ ಮಾರುವವರಿಗೆ 66.5ರ ಬದಲು 50. ದರ ಬದಲಾದಾಗಲೆಲ್ಲ ಈ ಎರಡು ದಾರಿಯ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಅಂಚೆಯಲ್ಲಿ ಕಳಿಸುವವರಿಗೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ, ದೇಶದಲ್ಲಿ ಸಾವಿರಕ್ಕೂ ಹೆಚ್ಚು. ರಫ್ತು ಬಿಲ್ಲನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ತುಂಬಬಹುದು. ಹಣ ಉಳಿಯುತ್ತದೆ, ಕಾಯುವ ತಾಳ್ಮೆ ಬೇಕು. ನವರಾತ್ರಿಗೆ ಹದಿನೈದು ದಿನ ಇರುವಾಗ ಅಂಚೆ ನೆಚ್ಚಿಕೊಳ್ಳಬೇಡಿ.

ಮಾಡಬಾರದ್ದು

'ಗಿಫ್ಟ್' ಎಂದು ಬರೆಯುವುದು. ಅಮೆರಿಕದಲ್ಲಿ 100 ಡಾಲರ್‌ವರೆಗಿನ ನಿಜವಾದ ಉಡುಗೊರೆಗೆ ವಿನಾಯಿತಿ ಉಳಿದಿದೆ. ನಿಮ್ಮ ಅಕ್ಕ ತನ್ನ ಮಗಳಿಗೆ ಕಳಿಸಿದ್ದು ಉಡುಗೊರೆ. ಕಾರ್ಡ್ ಉಜ್ಜಿ ಕೊಂಡದ್ದು ಮಾರಾಟ. ಗ್ರಾಹಕರೇ "ಗಿಫ್ಟ್ ಅಂತ ಹಾಕಿಬಿಡಿ, ಎಲ್ಲರೂ ಹಾಗೇ ಮಾಡ್ತಾರೆ" ಎಂದು ಒತ್ತಾಯಿಸುತ್ತಾರೆ. ಸಿಕ್ಕಿಬಿದ್ದಾಗ ಹೆಸರು ನಿಮ್ಮದಿರುತ್ತದೆ. ಬೆಲೆ ಕಡಿಮೆ ಬರೆಯುವುದೂ ಅಷ್ಟೇ. 60ರದ್ದನ್ನು 15 ಎಂದು ಬರೆದ ಪಾರ್ಸೆಲ್ ಕಳೆದುಹೋದರೆ ವಿಮೆಯವರು ಕೊಡುವುದೂ 15.

ಬೇರೆ ದೇಶಗಳ ಕಡೆಗೂ ಕಣ್ಣಿರಲಿ

ಅಮೆರಿಕದ ಕಾಯಿಲೆ ಬೇರೆಡೆಗೂ ಹಬ್ಬುತ್ತಿದೆ. ಯೂರೋಪಿನ ಒಕ್ಕೂಟದಲ್ಲಿ 150 ಯೂರೋವರೆಗಿನ ಪಾರ್ಸೆಲ್‌ಗೆ ವ್ಯಾಟ್ ಇತ್ತು, ಸುಂಕ ಇರಲಿಲ್ಲ. 2026ರ ಜುಲೈ 1ರಿಂದ ಅಂಥವುಗಳ ಮೇಲೆ 3 ಯೂರೋ ಸುಂಕ ಎಂದು 2025ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡರು. ಅದು ಪಾರ್ಸೆಲ್‌ಗೆ ಮೂರಲ್ಲ, ಒಳಗಿರುವ ಪ್ರತಿ ಬಗೆಯ ಸರಕಿಗೆ ಮೂರು. ಒಂದೇ ಡಬ್ಬದಲ್ಲಿ ಬುಗುರಿ, ಬಳೆ, ಚಮಚ ಹಾಕಿದರೆ ಮೂರು ಕೋಡ್, 9 ಯೂರೋ. ಆರು ಬುಗುರಿ ಹಾಕಿದರೆ 3. 'ಬಗೆಬಗೆಯ ಗಿಫ್ಟ್ ಬಾಕ್ಸ್' ಮಾರುವವರು ಇದನ್ನು ಎರಡು ಸಲ ಓದಬೇಕು.

ಇನ್ನೊಂದು ವ್ಯತ್ಯಾಸ: ಯೂರೋಪ್, ಬ್ರಿಟನ್ ಎರಡೂ ಸುಂಕ ಹಾಕುವುದು ಸಾಗಾಣಿಕೆ, ವಿಮೆ ಸೇರಿದ ಬೆಲೆಗೆ. ನನ್ನ ಎರಡು ಸಾಲಿನ ಉಪಾಯ ಅಲ್ಲಿ ನಡೆಯದು. ಆಸ್ಟ್ರೇಲಿಯಾದಲ್ಲಿ 1,000 ಆಸ್ಟ್ರೇಲಿಯನ್ ಡಾಲರ್‌ವರೆಗೆ ಸುಂಕವಿಲ್ಲ, ಶೇ 10 ಜಿಎಸ್‌ಟಿ ಮಾತ್ರ. ಅದನ್ನು ದೊಡ್ಡ ಮಾರಾಟ ತಾಣಗಳು ತಾವೇ ಹಿಡಿದು ಕಟ್ಟುತ್ತವೆ. ಕೆನಡಾದ ಮಿತಿ ಬರೀ 20 ಕೆನಡಿಯನ್ ಡಾಲರ್. ಯುಎಇ ಜತೆ 2022ರ ಮೇ 1ರಿಂದ, ಆಸ್ಟ್ರೇಲಿಯಾ ಜತೆ ಅದೇ ವರ್ಷದ ಡಿಸೆಂಬರ್ 29ರಿಂದ ಭಾರತದ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಅಲ್ಲಿ ಸಗಟು ಕಳಿಸುವವರು ಮೂಲದ ಪ್ರಮಾಣಪತ್ರ ತೋರಿಸಿದರೆ ಸುಂಕ ಕಡಿಮೆಯಾಗುತ್ತದೆ. ಒಂದೊಂದು ಪಾರ್ಸೆಲ್‌ಗೆ ಆ ಪತ್ರ ಮಾಡಿಸುವುದು ಗಂಧಕ್ಕಿಂತ ತೇಯುವ ಖರ್ಚು ಹೆಚ್ಚು ಎಂಬಂತಾಗುತ್ತದೆ.

ನಮ್ಮ ಕಡೆಯ ಕಾಗದ

ಬೇಗ ಹೇಳಿ ಮುಗಿಸುತ್ತೇನೆ. ಆಮದು, ರಫ್ತು ಮಾಡುವವರಿಗೆ ಸರಕಾರ ಕೊಡುವ ಐಇಸಿ ಸಂಖ್ಯೆ ಬೇಕು, ಶುಲ್ಕ ₹500. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರ ನವೀಕರಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ, ಬದಲಾವಣೆ ಏನೂ ಇಲ್ಲದಿದ್ದರೂ. ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಪ್ರತಿ ಆರ್ಥಿಕ ವರ್ಷಕ್ಕೂ ಹೊಸದಾಗಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿ. ವಿದೇಶದ ಹಣ ಬರುವ ನಿಮ್ಮ ಬ್ಯಾಂಕಿನ ಗುರುತು ಸಂಖ್ಯೆಯಾದ ಎಡಿ ಕೋಡನ್ನು ಕಸ್ಟಮ್ಸ್‌ನಲ್ಲಿ ನೋಂದಾಯಿಸಿ. ಕೊರಿಯರ್‌ನವರಿಗೆ ಸಿಎಸ್‌ಬಿ 5ರಲ್ಲೇ, ಅಂದರೆ ವ್ಯಾಪಾರದ ಸರಕಿಗೆ ಇರುವ ಕೊರಿಯರ್ ಶಿಪ್ಪಿಂಗ್ ಬಿಲ್‌ನಲ್ಲೇ, ಕಳಿಸಿ ಎಂದು ಹೇಳಿ. ಸುಮ್ಮನಿದ್ದರೆ ಸ್ಯಾಂಪಲ್, ಉಡುಗೊರೆಗಳಿಗೆ ಬಳಸುವ ಸಿಎಸ್‌ಬಿ 4ರಲ್ಲಿ ಹಾಕಿಬಿಡುತ್ತಾರೆ, ಆಮೇಲೆ ರಫ್ತು ಮಾಡಿದ್ದಕ್ಕೆ ನಿಮ್ಮ ಬಳಿ ದಾಖಲೆಯೇ ಇರುವುದಿಲ್ಲ.

ದರ ಬದಲಾದ ದಿನ

ಆರ್ಡರ್ ಬಂದ ದಿನದ ದರ ಅನ್ವಯಿಸುವುದಿಲ್ಲ, ನೀವು ಕಳಿಸಿದ ದಿನದ್ದೂ ಅಲ್ಲ. ಸರಕು ಆ ದೇಶದ ಕಸ್ಟಮ್ಸ್ ಪ್ರವೇಶ ಪಡೆದ ದಿನದ ದರ. ದಾರಿಯಲ್ಲಿರುವ ಸರಕಿಗೆ ಕೆಲವೊಮ್ಮೆ ರಿಯಾಯಿತಿ ಕೊಡುತ್ತಾರೆ. 2025ರಲ್ಲಿ ಆಗಸ್ಟ್ 27ಕ್ಕೆ ಮೊದಲು ಹಡಗೇರಿ ಸೆಪ್ಟೆಂಬರ್ 17ಕ್ಕೆ ಮೊದಲು ಒಳಹೋದ ಸರಕಿಗೆ ಎರಡನೇ ಶೇ 25ರಿಂದ ವಿನಾಯಿತಿ ಇತ್ತು. ಆದೇಶದಲ್ಲಿ ಇಂಥ ಸಾಲು ಇದೆಯೇ ಎಂದು ಮೊದಲು ಹುಡುಕಿ. ಸುದ್ದಿ ಬಂದ ದಿನ ನಾನು ಮಾಡುವುದು ಇಷ್ಟು: ಪ್ಯಾಕ್ ಆಗದ ಆರ್ಡರ್‌ಗಳನ್ನು ತಡೆಹಿಡಿಯುತ್ತೇನೆ, ಆ ಗ್ರಾಹಕರಿಗೆಲ್ಲ ಹೊಸ ಮೊತ್ತ ಬರೆದು, ಬೇಡವಾದರೆ ಪೂರ್ತಿ ಹಣ ವಾಪಸ್ ಎಂದು ತಿಳಿಸುತ್ತೇನೆ. ದಾರಿಯಲ್ಲಿರುವವಕ್ಕೆ ಹೆಚ್ಚುವರಿ ಸುಂಕ ನನ್ನದೇ. ಅದಕ್ಕೆಂದು ಪ್ರತಿ ಆರ್ಡರಿನಿಂದ ₹50 ಬದಿಗಿಡುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಸುಂಕ ಕಟ್ಟಿದ ರಸೀದಿಗಳನ್ನು ಎಸೆಯಬೇಡಿ. ಮುಂದೆಂದಾದರೂ ಹಣ ಮರಳುವ ದಾರಿ ತೆರೆದರೆ, ಅದು ಕಾಗದದಲ್ಲಿ ಆಮದುದಾರ ಎಂದು ಯಾರ ಹೆಸರಿದೆಯೋ ಅವರಿಗೆ ಹೋಗುತ್ತದೆ. ಡಿಡಿಪಿ ಪಾರ್ಸೆಲ್‌ಗಳಲ್ಲಿ ಎಷ್ಟೋ ಸಲ ಅದು ಕೊರಿಯರ್ ಕಂಪನಿಯದೇ ಹೆಸರು. ನಿಮ್ಮ ಒಪ್ಪಂದದಲ್ಲಿ ಯಾರ ಹೆಸರು ಹಾಕುತ್ತಾರೆಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ತಿರುಗಿ ಬರುವ ಪಾರ್ಸೆಲ್. ಗ್ರಾಹಕರು ಬೇಡವೆಂದರೆ ಏನು ಮಾಡಬೇಕೆಂದು ಬುಕಿಂಗ್ ಫಾರಂನಲ್ಲೇ ಒಂದು ಚೌಕ ಇರುತ್ತದೆ: ವಾಪಸ್ ತರಿಸಬೇಕೋ, ಅಲ್ಲೇ ಬಿಟ್ಟುಬಿಡಬೇಕೋ. ವಾಪಸ್ ತರಿಸಿದರೆ ಮತ್ತೆ ಸಾಗಾಣಿಕೆ, ಜತೆಗೆ ಇಲ್ಲಿನ ಕಸ್ಟಮ್ಸ್‌ನಲ್ಲಿ 'ಇದು ನಾನೇ ಕಳಿಸಿದ್ದ ಸರಕು' ಎಂದು ರುಜುವಾತು ಮಾಡಬೇಕು. ಹೋಗುವಾಗಿನ ಶಿಪ್ಪಿಂಗ್ ಬಿಲ್, ಪೆಟ್ಟಿಗೆಯ ಫೋಟೋ ಇಲ್ಲದಿದ್ದರೆ ನಿಮ್ಮದೇ ಗೊಂಬೆಗೆ ನೀವೇ ಆಮದು ಸುಂಕ ಕಟ್ಟುವ ಪ್ರಸಂಗ ಬರುತ್ತದೆ. ಆ ವಾಟ್ಸ್ಯಾಪ್ ಕಳಿಸಿದ ಗ್ರಾಹಕಿ ಪಾರ್ಸೆಲ್ ತೆಗೆದುಕೊಳ್ಳಲಿಲ್ಲ. ನಾನು ಅವರ 60 ಡಾಲರ್ ಹಿಂದಿರುಗಿಸಿದೆ. ಆ ಚೌಕದಲ್ಲಿ ನಾನು ಏನನ್ನೂ ಗುರುತು ಮಾಡಿರಲಿಲ್ಲ. ಗಂಡು, ಹೆಣ್ಣು, ಓಲಗದವರು, ಎತ್ತಿನ ಗಾಡಿ ಸಮೇತ ಇಡೀ ದಿಬ್ಬಣ ಅಲ್ಲೇ ಯಾವುದೋ ಗೋದಾಮಿನಲ್ಲಿ ಉಳಿಯಿತು.